ಪಕ್ಕದ ಸೀಟಿನ ಬ್ರೇಕು

ರೀ,

ಒಂದು ಮಾತೂ ಹೇಳದೆ ನಿಮ್ಮನ್ನು ನಿಮ್ಮಕ್ಕನ ಮನೆಯಲ್ಲಿ ಬಿಟ್ಟು ಬಂದೆನೆಂದು ಮುಖ ಊದಿಸಿಕೊಂಡು ಕೂತಿದ್ದೀರಂತೆ. ಊಟವನ್ನಾದರೂ ಸರಿಯಾಗಿ ಮಾಡಿ.

ಇವತ್ತು ಗಿಡ ಮಾರುವ ಟ್ರೈಲರನ್ನು ಕಾರಿಗೆ ಕಟ್ಟಿಕೊಂಡು ಒಬ್ಬಳೇ ಇಳಿಜಾರು ಇಳಿದೆ. ನೀವು ಕಲಿಸಿದ ಹಾಗೆ ಮೇಲೆಯೇ ಎರಡನೇ ಗೇರಿಗೆ ಹಾಕಿದೆ. ಬ್ರೇಕನ್ನು ಒತ್ತಿ ಹಿಡಿಯದೆ, ಒತ್ತಿ ಬಿಟ್ಟು ಒತ್ತಿ ಬಿಟ್ಟು ಬಂದೆ. ಶಾಲೆಯ ತಿರುವಿನಲ್ಲಿ ಟ್ರೈಲರು ಅತ್ತಿತ್ತ ತೊನೆಯತೊಡಗಿತು. "ಬ್ರೇಕ್ ತುಳೀಬೇಡ ಕಣೇ, ಆಕ್ಸಿಲರೇಟರಿಂದ ಕಾಲು ತೆಗಿ!" ಎಂದು ನೀವು ಕೂಗಿದ ಹಾಗಾಯಿತು. ಕಾಲು ತೆಗೆದೆ, ನೆಟ್ಟಗಾಯಿತು. ಎರಡು ಗುಲಾಬಿ ಕುಂಡ ಒಡೆದವು, ಅಷ್ಟೇ.

ಈಗ ನಿಜ ಹೇಳಿಬಿಡುತ್ತೇನೆ. ನಿಮ್ಮ ಕಾಲಿನ ಮುರಿದ ಮೂಳೆ ಯಾಕೆ ಕೂಡುತ್ತಿಲ್ಲವೆಂದು ಡಾಕ್ಟರು ತಲೆ ಕೆರೆದುಕೊಂಡಾಗ ನೀವು ಅವರನ್ನೇ ಬೈದಿರಿ. ಕಾರಣ ನನಗೆ ಗೊತ್ತಿತ್ತು. ನಾನು ಗಾಡಿ ಓಡಿಸಲು ಶುರುಮಾಡಿದಾಗಿನಿಂದ, ಪಕ್ಕದಲ್ಲಿ ಕೂತ ನೀವು ಪ್ರತಿ ತಿರುವಿನಲ್ಲೂ ಪ್ಲಾಸ್ಟರ್ ಹಾಕಿದ ಕಾಲಿನಿಂದ ಇಲ್ಲದ ಬ್ರೇಕನ್ನು ಒತ್ತುತ್ತಿದ್ದಿರಿ. ನೋವಿಗೆ ಹಲ್ಲು ಕಚ್ಚುತ್ತಿದ್ದಿರಿ, ಆದರೂ ಒತ್ತುತ್ತಿದ್ದಿರಿ. ನಿಮಗದು ಗೊತ್ತೇ ಇಲ್ಲ.

ಮಾತ್ರೆಗಳು ಚೀಲದ ಪಕ್ಕದ ಜೇಬಿನಲ್ಲಿವೆ. ಕುಂಡಗಳಿಗೆ ಹಗ್ಗ ಬಿಗಿಯುವ ನಿಮ್ಮ ಗಂಟು ನನಗೆ ಬರುತ್ತಿಲ್ಲ, ಚಿತ್ರ ಬರೆದು ಕಳಿಸಿ.

ಮೂಳೆ ಕೂಡುವವರೆಗೆ ಕಾಲು ಚಾಚಿ ಸುಮ್ಮನೆ ಕೂತಿರಿ. ಇಬ್ಬರ ಬ್ರೇಕನ್ನೂ ನಾನೇ ಒತ್ತುತ್ತೇನೆ.

ನಿಮ್ಮ ಕೈಯಲ್ಲಿ ಪಳಗಿದ
ಡ್ರೈವರಮ್ಮ