ಹನ್ನೊಂದನೇ ಕೋಣೆಯ ಗಂಟು

ಮನೆಯಿಂದ,
ಭಾನುವಾರ ಮಧ್ಯಾಹ್ನ, ತಾರೀಕು ಹದಿನಾಲ್ಕು

ಪ್ರೀತಿಯ ಮಗಳೇ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೇ? ಆ ಹೊಸ ಆಸ್ಪತ್ರೆಯಲ್ಲಿ ಕುಳಿತುಕೊಳ್ಳಲು ಒಂದು ಸ್ಟೂಲನ್ನಾದರೂ ಕೊಟ್ಟಿದ್ದಾರೋ, ಇಲ್ಲ ನರ್ಸುಗಳಿಗೆ ಕಾಲಿರುವುದೇ ನಿಲ್ಲುವುದಕ್ಕೆ ಎಂದು ಅಲ್ಲಿಯವರೂ ತಿಳಿದಿದ್ದಾರೋ? ನಿನ್ನ ಅಪ್ಪ ಡಿಪೋದ ಫೋನಿನಿಂದ ನಿನ್ನ ಜೊತೆ ಮಾತಾಡುವುದು ನನಗೆ ಗೊತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ಮಂಗಳವಾರ ಬಂತೆಂದರೆ ತಲೆ ಬಾಚಿಕೊಂಡು, "ಒಂದು ಗೇರ್‌ಬಾಕ್ಸ್ ಉಳಿದುಬಿಟ್ಟಿದೆ ಕಣೇ, ಬರೋದು ಲೇಟಾಗುತ್ತೆ" ಅನ್ನುತ್ತಾರೆ. ಗೇರ್‌ಬಾಕ್ಸ್ ಬಿಚ್ಚಲು ಯಾರಾದರೂ ತಲೆ ಬಾಚಿಕೊಂಡು ಹೋಗುತ್ತಾರೆಯೇ? ನಾನು ಕೇಳುವುದಿಲ್ಲ. ಮಂಗಳವಾರ ಅವರು ಎರಡು ತುತ್ತು ಹೆಚ್ಚು ಉಣ್ಣುತ್ತಾರೆ. ನೀನು ಚೆನ್ನಾಗಿದ್ದೀಯ ಎಂದು ನನಗೆ ತಿಳಿಯುವುದು ಅದರಿಂದಲೇ.

ಬಸ್ ನಿಲ್ದಾಣದಲ್ಲಿ ಬಾಂಬ್ ಸಿಡಿದು, ಟಿಕೆಟ್ ಸಾಲಿನಲ್ಲಿ ನಿಂತಿದ್ದ ನಿನ್ನ ತಮ್ಮ ಹೋಗಿ ಮೊನ್ನೆಗೆ ಎಂಟು ತಿಂಗಳು. ಅವನ ಮಂಚ ಇದ್ದಲ್ಲೇ ಇದೆ. ಉದ್ದಣ್ಣ ಎಂದು ನೀನು ರೇಗಿಸುತ್ತಿದ್ದೆಯಲ್ಲ, ಅವನ ಪಾದ ಹೊರಗೆ ಇಣುಕುತ್ತದೆಂದು ನಾನು ಎರಡು ಹೊದಿಕೆ ಜೋಡಿಸಿ ಹೊಲಿದಿದ್ದೆ. ಈಗ ಅದು ಯಾರ ಅಳತೆಗೂ ಬರುವುದಿಲ್ಲ, ಕತ್ತರಿಸಲು ಕೈಯೂ ಬರುವುದಿಲ್ಲ. ನಿನ್ನ ಅಪ್ಪ ಆ ಕೋಣೆಯ ಬಾಗಿಲಿಗೆ ಎಣ್ಣೆ ಹಾಕಿ, ಸದ್ದು ನಿಲ್ಲಿಸಿ, ಆಮೇಲೆ ಯಾಕೆ ನಿಲ್ಲಿಸಿದೆನೋ ಎಂದು ಒಂದು ಇಡೀ ದಿನ ಮಂಕಾಗಿ ಕುಳಿತಿದ್ದರು.

ನಾನೂ ಮೊದಲಿನ ಹಾಗಿಲ್ಲ. ಬಸ್ಸು ಹತ್ತಿದರೆ ಪಕ್ಕದವರ ಮನೆಯ ಸೊಸೆಯ ತನಕ ಎಲ್ಲ ವಿಚಾರಿಸಿಕೊಂಡು ಇಳಿಯುತ್ತಿದ್ದವಳು, ಈಗ ಯಾರ ಮುಖವನ್ನೂ ನೋಡುವುದಿಲ್ಲ, ಅವರ ಚೀಲ ನೋಡುತ್ತೇನೆ. ಹೋದ ತಿಂಗಳು ಒಬ್ಬ ಯುವಕ ಬೆವರುತ್ತಾ ಬಂದು ದೊಡ್ಡ ಚೀಲವನ್ನು ನನ್ನ ಕಾಲ ಬಳಿ ಇಟ್ಟ. ನಾನು ಕಿರುಚಿಬಿಟ್ಟೆ. ಬಸ್ಸು ನಿಂತಿತು. ಎಲ್ಲರ ಮುಂದೆ ಅವನಿಂದ ಚೀಲ ಬಿಚ್ಚಿಸಿದರು. ಹಾಲಿನ ಬಾಟಲಿ, ಎಳೆಮಗುವಿನ ಬಟ್ಟೆ, ಒಂದು ಗಿಲಕಿ. ಅವನು ಒಂದೊಂದನ್ನೇ ಮಡಿಚಿ ಮತ್ತೆ ಒಳಗಿಟ್ಟುಕೊಂಡ. ನಾನು ಅಲ್ಲೇ ಇಳಿದು ಉಳಿದ ದಾರಿ ನಡೆದೆ. ಹಾವು ಕಚ್ಚಿದವನಿಗೆ ಹಗ್ಗ ಕಂಡರೂ ಭಯ ಎಂದು ನಿನ್ನ ಅಪ್ಪ ಸಮಾಧಾನ ಮಾಡಿದರು. ಆದರೆ ಅವನು ಹಗ್ಗವಲ್ಲವಲ್ಲ, ಯಾರೋ ಹೆತ್ತ ಮಗ. ನನಗೆ ತುಂಬಾ ನಾಚಿಕೆಯಾಯಿತು.

ನಾಚಿಕೆಯ ಮಾತು ಬಂದ ಮೇಲೆ ಆ ಶನಿವಾರದ ಮಾತನ್ನೂ ಬರೆಯಲೇಬೇಕು. ನಾನು ಊಟ ಬಿಟ್ಟು ಮಲಗಿದ್ದೆ. ನೀನು ಡ್ಯೂಟಿ ಮುಗಿಸಿ ಬಂದವಳು ನೀರು ತಂದು ಎದುರಿಗೆ ಹಿಡಿದೆ. "ನಿನ್ನ ತಮ್ಮನ್ನ ಕೊಂದವನ ಗಾಯ ತೊಳೆದ ಕೈ ಅದು. ಅದರಿಂದ ನಂಗೆ ನೀರೂ ಬೇಡ, ನಡಿ ಆಚೆ" ಎಂದೆ. ನೀನು ಲೋಟವನ್ನು ಮೇಜಿನ ಮೇಲಿಟ್ಟು, ಬಟ್ಟೆ ತುಂಬಿಕೊಂಡು ಹೊರಟೇ ಹೋದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಿನಗೆ ಚಿಕ್ಕಂದಿನಲ್ಲಿ ಬುದ್ಧಿ ಹೇಳಿದವಳು ನಾನೇ.

ಆ ದಿನಗಳ ಇನ್ನೊಂದು ವಿಷಯ ನಿನಗೆ ಗೊತ್ತಿಲ್ಲ. ನಿನ್ನ ಅಪ್ಪನಿಗೂ ಹೇಳಿಲ್ಲ. ಮನೆಯಲ್ಲಿ ಗೋಡೆಗಳು ತಿನ್ನಲು ಬರುತ್ತಿದ್ದವೆಂದು ನಾನು ಒಂಬತ್ತನೇ ದಿನಕ್ಕೇ ನಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಗೆ ಕೆಲಸಕ್ಕೆ ವಾಪಸು ಹೋದೆನಲ್ಲ, ಅಲ್ಲಿ ಮೂಲೆಯಲ್ಲಿ ಒಂದು ಗಂಟು ಬಿದ್ದಿತ್ತು. ಮೂರು ದಿನವಾದರೂ ಯಾರೂ ಅದನ್ನು ಮುಟ್ಟಿರಲಿಲ್ಲ. ಹನ್ನೊಂದನೇ ಕೋಣೆಯದು, ಬಾಗಿಲಲ್ಲಿ ಇಬ್ಬರು ಪೊಲೀಸರಿದ್ದ ಕೋಣೆ. ತನ್ನ ಬಾಂಬಿಗೆ ತಾನೇ ಸಿಕ್ಕಿ ಬದುಕಿ ಉಳಿದವನ ಹಾಸಿಗೆಯ ಬಟ್ಟೆ. "ಕೈ ಕತ್ತರಿಸಿದ್ರೂ ನಾನು ಮುಟ್ಟಲ್ಲ" ಎಂದಿದ್ದಳಂತೆ ಇಸ್ತ್ರಿ ಮಾಡುವ ಅಜ್ಜಿ. ಎಲ್ಲ ನನ್ನ ಮೇಲಿನ ಕರುಣೆಯಿಂದ. ಊಟದ ಹೊತ್ತಿನಲ್ಲಿ ಅವರೆಲ್ಲ ಹೊರಗೆ ಹೋದಾಗ ನಾನು ಹತ್ತಿರ ಹೋದೆ. ಬೆಂಕಿ ಹಚ್ಚುವ ಮನಸ್ಸೇ ಇತ್ತು, ನಿನ್ನ ಹತ್ತಿರ ಸುಳ್ಳು ಹೇಳಲಾರೆ. ಆದರೆ ಕಟ್ಟಿದ ರೀತಿ ಕಣ್ಣಿಗೆ ಬಿತ್ತು. ಒದ್ದೆಯೆಲ್ಲ ಒಳಗೆ, ಒಣಗಿದ ಮೂಲೆಗಳು ಹೊರಗೆ. ಒಗೆಯುವವರ ಕೈಗೆ ಕೊಳೆ ಹತ್ತಬಾರದೆಂದು ನಾನು ನಿನಗೆ ಕಲಿಸಿದ ಗಂಟು. ಇಡೀ ಆಸ್ಪತ್ರೆಯಲ್ಲಿ ಹಾಗೆ ಕಟ್ಟುವವಳು ನೀನೊಬ್ಬಳೇ. ಅವನನ್ನು ನೋಡಿಕೊಳ್ಳುತ್ತಿರುವುದು ನೀನು ಎಂದು ನನಗೆ ತಿಳಿದದ್ದು ಹಾಗೆ.

ಬಿಚ್ಚಿದೆ. ಇಪ್ಪತ್ತಾರು ವರ್ಷದ ಅಭ್ಯಾಸ, ನನ್ನನ್ನು ಕೇಳದೆಯೇ ಕೈ ತಣ್ಣೀರಿನ ನಲ್ಲಿ ತಿರುಗಿಸಿತು. ರಕ್ತಕ್ಕೆ ಬಿಸಿನೀರು ಹಾಕಿದರೆ ಕಲೆ ಕೂತುಬಿಡುತ್ತದೆ. ಅವನ ರಕ್ತ ಬೇರೆ ಥರ ಇರುತ್ತದೆಂದು ಮನಸ್ಸಿನಲ್ಲಿ ಎಲ್ಲೋ ಅಂದುಕೊಂಡಿದ್ದೆನೋ ಏನೋ. ಇರಲಿಲ್ಲ. ಮೂರನೇ ನೀರಿಗೆ ಎಲ್ಲರ ರಕ್ತದಂತೆಯೇ ಬಿಟ್ಟಿತು. ಆಗ ಅಳು ಬಂತು. ಪುರಾವೆ ಎಂದು ಪೊಲೀಸರು ನಿನ್ನ ತಮ್ಮನ ಅಂಗಿಯನ್ನು ಇಟ್ಟುಕೊಂಡರಲ್ಲ, ಅದನ್ನು ಒಗೆಯುವುದು ನನಗೆ ಸಿಗಲಿಲ್ಲ. ಆ ಹನ್ನೊಂದನೇ ಕೋಣೆಯವನನ್ನು ಕ್ಷಮಿಸಿದೆ ಎಂದುಕೊಳ್ಳಬೇಡ. ಕ್ಷಮಿಸಿಲ್ಲ, ನನ್ನಿಂದ ಅದು ಆಗುವುದೂ ಇಲ್ಲ. ಆದರೆ ಒಗೆದೆ, ಹಿಂಡಿದೆ, ಇಸ್ತ್ರಿ ಮಾಡಿ ಉಳಿದ ಬಟ್ಟೆಗಳ ನಡುವೆ ಇಟ್ಟೆ. ಒಗೆದವರು ಯಾರೆಂದು ಆ ಹೆಂಗಸರು ಇವತ್ತಿಗೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಅಜ್ಜಿಯಂತೂ ಪಾಪದ ಮೆಷಿನ್ ಆಪರೇಟರನ ಜೊತೆ ಮಾತು ಬಿಟ್ಟಿದ್ದಾಳೆ.

ಕಾಗದ ಉದ್ದವಾಯಿತು. ಹೊತ್ತಿಗೆ ಸರಿಯಾಗಿ ಉಣ್ಣು, ಸತತ ಎರಡು ಪಾಳಿ ಮಾಡಬೇಡ. ನಿನಗೆ ಬಡಿಸಿದವರ ಹೊಟ್ಟೆ ತಣ್ಣಗಿರಲಿ, ನಿನ್ನ ಆಯಸ್ಸು ಗಟ್ಟಿಯಾಗಿರಲಿ.

ನಿನ್ನ
ಅಮ್ಮ

ಲಕೋಟೆ ಅಂಟಿಸುವ ಮೊದಲು: ನೀನು ಹೋದ ಮೇಲೆ ಅಮ್ಮನ ಮನಸ್ಸು ಕರಗಿತು ಎಂದುಕೊಳ್ಳುತ್ತೀಯೇನೋ. ಹಾಗಲ್ಲ. ಆ ಗಂಟು ಒಗೆದದ್ದು ಗುರುವಾರ. ನಿನ್ನನ್ನು ಹೊರಗೆ ಹಾಕಿದ್ದು ಅದಾಗಿ ಎರಡು ದಿನಕ್ಕೆ. ನೀನು ಮಾಡಿದ್ದನ್ನೇ ನಾನೂ ಮಾಡಿ ಬಂದಿದ್ದೆ. ನನ್ನನ್ನು ನಾನೇ ಬೈದುಕೊಳ್ಳಲಾರದೆ ನಿನ್ನನ್ನು ಬೈದೆ. ತಪ್ಪು ನನ್ನದು ಮಗಳೇ, ಪೂರ್ತಿ ನನ್ನದು. ಶುಕ್ರವಾರ ನಿನ್ನ ಅಪ್ಪನನ್ನು ನಿನ್ನ ಹತ್ತಿರ ನಾನೇ ಕಳಿಸುತ್ತಿದ್ದೇನೆ. ಮನಸ್ಸಾದರೆ ಅವರ ಜೊತೆ ಸಂಜೆಯ ಬಸ್ಸಿಗೆ ಹೊರಟು ಬಾ. ಎಂಟು ತಿಂಗಳಿಂದ ನಾನು ಆ ನಿಲ್ದಾಣದ ಕಡೆ ತಲೆ ಹಾಕಿಲ್ಲ. ಶುಕ್ರವಾರ ಟಿಕೆಟ್ ಕಿಟಕಿಯ ಹತ್ತಿರವೇ ನಿಂತಿರುತ್ತೇನೆ, ನೀನು ಬಂದರೂ, ಬರದಿದ್ದರೂ.