ಚಿಲಕ ಮರೆತ ಗೇಟು

ಜುಲೈ ೧೪, ಸೋಮವಾರ

ಹೊಸ ಹುಲ್ಲುಗಾವಲಿನ ಗೇಟಿಗೆ ಚಿಲಕ ಹಾಕಲು ಮರೆತವನು ನಾನೇ. ಬೆಳಗ್ಗೆ ನೋಡಿದರೆ ಏಳು ಹಸುಗಳೂ ಒಳಗೆ ಹಾಯಾಗಿ ಮೇಯುತ್ತಿದ್ದವು. ಬೇರು ಗಟ್ಟಿಯಾಗುವ ಮುನ್ನ ಮೇಯಿಸಿದರೆ ಹುಲ್ಲು ಬೇರುಸಮೇತ ಕಿತ್ತುಬರುತ್ತದೆ ಎಂದು ಎರಡು ತಿಂಗಳಿಂದ ಮನೆಮಂದಿಯ ತಲೆ ತಿಂದವನೂ ನಾನೇ.

ಹಸುಗಳನ್ನು ಹೊರಗಟ್ಟಿ ಬರುವಷ್ಟರಲ್ಲಿ ಅತ್ತೆ ಮಂಡಿಯೂರಿ ಕೂತು, ಹಸು ನಾಲಿಗೆ ಸುತ್ತಿ ಎಳೆಯುವ ಹಾಗೆ, ಒಂದು ಹಿಡಿ ಹುಲ್ಲನ್ನು ಜಗ್ಗುತ್ತಿದ್ದರು. ಹುಲ್ಲು ತುಂಡಾಯಿತು, ಬೇರು ಅಲುಗಲಿಲ್ಲ. ಹತ್ತು ಕಡೆ ಜಗ್ಗಿದರೂ ಅಷ್ಟೇ.

"ಹುಲ್ಲು ಯಾವಾಗ್ಲೋ ಗಟ್ಟಿಯಾಗಿದೆ ಅಳಿಯಂದ್ರೇ, ಗಟ್ಟಿ ಆಗ್ಬೇಕಾಗಿರೋದು ನಿಮ್ಮ ಧೈರ್ಯ," ಅಂದರು.

ಹೆಂಡತಿ ಸಂಜೆಯವರೆಗೂ ನಕ್ಕಳು. ನಗಲಿ, ಮೈಯೆಲ್ಲ ಹಗುರವಾಗಿದೆ. ನಾಳೆಯಿಂದ ದಿನಕ್ಕೆರಡು ಗಂಟೆ ನಾನೇ ಹಸುಗಳನ್ನು ಒಳಗೆ ಬಿಡುತ್ತೇನೆ. ಇವತ್ತು ಚಿಲಕ ಹಾಕಿದ್ದೇನೆ. ಹಾಕಿದೆನಲ್ಲವೇ? ತಡಿ, ಒಮ್ಮೆ ನೋಡಿಬಂದು…