ಪರಸಿ ಹೇರಿದ ಗಾಡಿ

ಕನ್ನೊಳ್ಳಿ, ತಾ. ಸಿಂದಗಿ
ಶನಿವಾರ, ೧೫ ನವೆಂಬರ್ ೨೦೨೫

ಪ್ರೀತಿಯ ಕಲ್ಮೇಶಣ್ಣಾ,

ಮೊದಲಿಗೇ ಸಾರಿ. ಯಾರೂ ನನ್ನನ್ನು ಹುಡುಕಬೇಡಿ ಎಂದು ನೀನು ಹೇಳಿ ಹೋದ ಮೇಲೂ ಬರೆಯುತ್ತಿದ್ದೇನೆ. ಫೋನ್ ನೀನು ಎತ್ತುವುದಿಲ್ಲ, ಮೆಸೇಜ್ ಕಳಿಸಿದರೆ ನಿನಗೆ ಮುಟ್ಟುವುದೇ ಇಲ್ಲ. ಬಸವನ ಬಾಗೇವಾಡಿ ಸಂತೆಯಲ್ಲಿ ನಿನ್ನನ್ನು ಕಂಡವರೊಬ್ಬರು ನಿನ್ನ ಗೆಳೆಯ ಸೊಹೇಲಣ್ಣನಿಗೆ ಹೇಳಿದ್ದರಿಂದ ನೀನು ಆಲಮಟ್ಟಿಯಲ್ಲಿ ಟಿಪ್ಪರ್ ಓಡಿಸುತ್ತಿರುವುದು ಗೊತ್ತಾಯಿತು. ಐದನೇ ಕ್ಲಾಸಿನಿಂದ ಹಾಸ್ಟೆಲ್ಲಿನಲ್ಲಿ ಇದ್ದವಳು ನಾನು. ಕನ್ನಡದಲ್ಲಿ ಪತ್ರ ಬರೆದದ್ದು ಪರೀಕ್ಷೆಯಲ್ಲಿ ಮಾತ್ರ, ಅದೂ ಮಾರ್ಕ್ಸಿಗಾಗಿ. ತಪ್ಪಿದ್ದರೆ ನಗು, ಆದರೆ ಅರ್ಧ ಓದಿ ಮಡಚಿಡಬೇಡ. ನಿನ್ನ ಆರೋಗ್ಯ ಹೇಗಿದೆ? ಹೊಳೆಯ ಗಾಳಿಗೆ ಕೆಮ್ಮು ಬಂದಿಲ್ಲ ತಾನೇ? ಊಟಕ್ಕೆ ಎಲ್ಲಿ ಹೋಗುತ್ತೀ? "ಅಂವಗ ಖಾನಾವಳಿ ರೊಟ್ಟಿ ಹಿಡಸೂದಿಲ್ಲ, ಬರೇ ಚಹಾದ ಮ್ಯಾಲ ಇರ್ತಾನ ನೋಡ" ಎಂದು ಅವ್ವ ಪ್ರತಿ ಊಟದ ಹೊತ್ತಿಗೂ ಅನ್ನುತ್ತಾಳೆ. ನಾನು ಆರಾಮ. ಅಂದರೆ ಮೊದಲ ಇಂಟರ್ನಲ್ಸ್‌ನಲ್ಲಿ ಮ್ಯಾಥ್ಸ್ ಹೋಯಿತು, ಈಗ ಕ್ಲಾಸ್ ಬಿಟ್ಟು ಊರಿಗೆ ಬಂದಿದ್ದೇನೆ. ಎರಡನ್ನೂ ಅಪ್ಪಾಜಿಗೆ ಹೇಳಬೇಡ. ಹೇಳಲಿಕ್ಕೆಂದು ನೀನು ಫೋನ್ ಮಾಡುವುದಾದರೆ ಮಾತ್ರ ಹೇಳು, ಬೈಸಿಕೊಳ್ಳುತ್ತೇನೆ.

ವೈನಿಯ ವಿಷಯಕ್ಕೆ ಬರುತ್ತೇನೆ. ಮುದ್ದೇಬಿಹಾಳದಿಂದ ಅವಳ ಅಪ್ಪ ಫೋನ್ ಮಾಡಿದ್ದರು. ಬರುವ ಗುರುವಾರ ಅಮಾವಾಸ್ಯೆ, ಅದು ಕಳೆದ ಮರುದಿನ ಮಗಳನ್ನು ಕರೆದುಕೊಂಡು ಹೋಗಲು ಬರುತ್ತಾರಂತೆ. ಬಾಣಂತನಕ್ಕೆ ಒಯ್ಯಬೇಕಾಗಿದ್ದವರು ಹೀಗೆ ಒಯ್ಯುತ್ತಿದ್ದಾರೆ. "ಗಂಡ ಇಲ್ಲದ ಮನ್ಯಾಗ ನನ್ನ ಮಗಳು ಯಾರ ಮಾರಿ ನೋಡ್ಕೊಂತ ಕುಂದರಬೇಕ್ರಿ ಬೀಗರ?" ಎಂದು ಅವರು ಅಪ್ಪಾಜಿಯನ್ನು ಕೇಳಿದರು. ತಿರುಗಿ ಯಾವಾಗ ಕಳಿಸುತ್ತೀರಿ ಎಂದು ಕೇಳಲು ಅಪ್ಪಾಜಿಗೆ ಬಾಯಿ ಬರಲಿಲ್ಲ, ಬೀಗರೂ ಆ ಮಾತು ಎತ್ತಲಿಲ್ಲ. ವೈನಿ ಒಳಗೆ ಜೋಳ ಹಸನು ಮಾಡುತ್ತಾ ಎಲ್ಲ ಕೇಳಿಸಿಕೊಂಡಳು. ಮೊರದಲ್ಲಿ ಹರಳು ಉಳಿದಿರಲೇ ಇಲ್ಲ, ಆದರೂ ಕೇರುತ್ತಲೇ ಇದ್ದಳು.

ನೀನು ಕೀಲಿಕೈ ಗೋಡೆಯ ಮಾಡದಲ್ಲಿ ಇಟ್ಟು ಹೋದಂದಿನಿಂದ ಪಿಕಪ್ ಬೇವಿನ ಗಿಡದ ಕೆಳಗೇ ನಿಂತಿದೆ. ಇಂಡಿ ಊರಿನ ನಿಂಬೆಹಣ್ಣಿನ ವ್ಯಾಪಾರಿ ಬಾಡಿಗೆಗೆ ಕೇಳಿಕೊಂಡು ಬಂದರೆ ಅಪ್ಪಾಜಿ "ಡ್ರೈವರ್ ಇಲ್ರಿ" ಎಂದು ಕಳಿಸುತ್ತಾರೆ. ಮಗ ಇಲ್ಲ ಅನ್ನುವುದಿಲ್ಲ. ಹೋಗುವಾಗ ನೀನು ಹೊಸ್ತಿಲಲ್ಲಿ ನಿಂತು ಅಂದದ್ದನ್ನು ಅವ್ವ ನನಗೆ ಅಳುತ್ತಾ ಹೇಳಿದಳು: "ಶಾಕಬ್ಸರ್ ಹೋಗಿದ್ದು ನನಗ ತಿಳೀಲಿಲ್ಲ. ಹೊಟ್ಟ್ಯಾಗಿನ ಏಳು ತಿಂಗಳದ ಕೂಸನ್ನ ಗಾಡ್ಯಾಗ ಕುಣಿಸಿ ಕುಣಿಸಿ ನಾನ ಕೊಂದೆ." ಆ ಮಾತು ಕೇಳಿದಾಗಿನಿಂದ ನನಗೆ ಹಾಸ್ಟೆಲ್ಲಿನಲ್ಲಿ ಓದಲು ಆಗುತ್ತಿಲ್ಲ. ನಮ್ಮ ಸರ್ ಬೋರ್ಡಿನ ಮೇಲೆ ಗೀಟು ಎಳೆದು ತೋರಿಸಿದ್ದರು: ಸ್ಪ್ರಿಂಗ್ ಪುಟಿಯುತ್ತದೆ, ಆ ಪುಟಿತವನ್ನು ನುಂಗುವುದು ಶಾಕಬ್ಸರ್, ಅದು ಚೆನ್ನಾಗಿದ್ದರೆ ಅಲೆ ಸಣ್ಣದಾಗುತ್ತಾ ಸುಮ್ಮನಾಗುತ್ತದೆ, ಕೆಟ್ಟಿದ್ದರೆ ಎದ್ದೇಳುತ್ತಲೇ ಇರುತ್ತದೆ. ಎಲ್ಲರೂ ಬರೆದುಕೊಳ್ಳುತ್ತಿದ್ದರು. ನಾನು ಎದ್ದು ಹೊರಗೆ ಹೋದೆ.

ಅದಕ್ಕೇ ನಿನ್ನೆ ಸೊಹೇಲಣ್ಣನನ್ನು ಕರೆಸಿದೆ. ಶುಕ್ರವಾರದ ನಮಾಜು ಮುಗಿಸಿ, ಸಿಂದಗಿಯ ಗ್ಯಾರೇಜಿಗೆ ಬೀಗ ಹಾಕಿಕೊಂಡು ಬಂದ. ನಾನೂ ಗಾಡಿಯ ಕೆಳಗೆ ತೂರಿದೆ. "ಇಂಜಿನಿಯರ್ ಬಾಯಾರ, ಪುಸ್ತಕದಾಗಿನಂಗ ಇಲ್ಲೆ ಬಾಣ ಹಾಕಿ ಹೆಸರು ಬರದಿರೂದಿಲ್ಲ, ಹಣಿ ಬಡಕೊಂಡೀರಿ" ಎಂದು ಕಾಡಿಸಿದ. ಹೇಳಿ ಮುಗಿಸುವ ಮೊದಲೇ ಬಡಿದುಕೊಂಡೆ. ಹಿಂದಿನ ಎರಡೂ ಶಾಕಬ್ಸರಿನ ಮೈಗೆ ಎಣ್ಣೆ ಇಳಿದು, ಅದಕ್ಕೆ ಧೂಳು ಮೆತ್ತಿ ಕರಿ ಹಕ್ಕಳೆ ಕಟ್ಟಿತ್ತು. ಟೈರಿನ ಮೇಲೆ ಅಂಗೈ ಆಡಿಸಿದರೆ ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು. ಆಮೇಲೆ ನೀನು ಕಲಿಸಿದ ಹಾಗೆ ಹಿಂದಿನ ಮೂಲೆಯ ಮೇಲೆ ಮೈಭಾರ ಹಾಕಿ ಒತ್ತಿ ಬಿಟ್ಟೆ. ಗಾಡಿ ಮೆಲ್ಲಗೆ ಎದ್ದು ಸುಮ್ಮನಾಯಿತು. ನನಗೆ ಎಷ್ಟು ಖುಷಿಯಾಯಿತೆಂದರೆ, ನೋಡು ಏನೂ ಆಗಿಲ್ಲ ಎಂದು ಕೂಗಿಬಿಟ್ಟೆ. ಸೊಹೇಲಣ್ಣ ತಾಡಪತ್ರಿ ಸರಿಸಿ ಒಳಗಿದ್ದ ಪರಸಿ ಕಲ್ಲುಗಳನ್ನು ಒಂದೊಂದಾಗಿ ಇಳಿಸತೊಡಗಿದ.

ನಮ್ಮ ಕಡೆ ಎಲ್ಲರೂ ಮಾಡುವುದೇ ಅದು, ಖಾಲಿ ಪಿಕಪ್ ಹಾರುತ್ತದೆಂದು ನಾಲ್ಕು ತಾಳಿಕೋಟಿ ಹಾಸುಗಲ್ಲು ಹೇರಿಕೊಂಡು ಓಡಿಸುವುದು. ವೈನಿ ಬಸುರಿಯಾದ ಮೇಲೆ ನೀನು ಇನ್ನೂ ನಾಲ್ಕು ಹೆಚ್ಚಿಗೆ ಹಾಕಿದ್ದೆ, ಅವಳಿಗೆ ಧಕ್ಕಿ ಆಗಬಾರದೆಂದು. ಕಲ್ಲೆಲ್ಲ ಇಳಿದ ಮೇಲೆ ಮತ್ತೆ ಒತ್ತಿ ಬಿಟ್ಟೆ. ಎದ್ದಿತು, ಕುಂತಿತು, ಮತ್ತೆ ಎದ್ದಿತು; ನಿಲ್ಲಲೊಲ್ಲದು. ಭಾರಕ್ಕೆ ಗಾಡಿ ಮೆತ್ತಗೆ ತೂಗುತ್ತದೆ ಅಣ್ಣಾ, ಒಳಗೆ ಸತ್ತಿರುವುದನ್ನು ತೋರಗೊಡುವುದಿಲ್ಲ. ಬ್ರೇಕ್ ಹಾಕಿದಾಗ ಮೂಗು ಮುಂದಕ್ಕೆ ಮುಗ್ಗರಿಸುತ್ತಿದ್ದುದನ್ನೂ ನಾವು ಕಲ್ಲಿನ ಭಾರ ಎಂದೇ ತಿಳಿದೆವು. ಆದ್ದರಿಂದ ನಿನಗೆ ಸಮಾಧಾನ ಆಗಲೆಂದು ಸುಳ್ಳು ಹೇಳುವುದಿಲ್ಲ. ಶಾಕಬ್ಸರ್ ಹೋಗಿದ್ದವು, ಬಹಳ ಮೊದಲೇ ಬದಲಿಸಬೇಕಾಗಿತ್ತು. ಅದು ನಿಜ.

ಆದರೆ ಕೂಸಿನದು ಬೇರೆ. ನೀನು ಆಸ್ಪತ್ರೆಯಿಂದ ಹೋದ ಮೇಲೆ ಡಾಕ್ಟರಬಾಯಿ ವೈನಿಗೆ ಹೇಳಿದ್ದು ನಿನ್ನನ್ನು ಮುಟ್ಟಿಯೇ ಇಲ್ಲ: "ಇದು ಗಾಡಿ ಧಕ್ಕಿಗೆ ಆಗಿದ್ದಲ್ಲವ್ವಾ. ನೀವು ಮನಿ ಬಿಡೂ ಮೊದಲ ಕೂಸಿನ ಎದಿ ನಿಂತಿತ್ತು." ಹಿಂದಿನ ಸಂಜೆಯಿಂದಲೇ ಹೊಟ್ಟೆಯಲ್ಲಿ ಅಲುಗಾಟ ಇರಲಿಲ್ಲವಂತೆ. ಆಸ್ಪತ್ರೆಗೆ ಹೊರಡುವಾಗ ವೈನಿ ನಿನಗೆ ಬರೀ ಬೆನ್ನುನೋವು ಎಂದಿದ್ದಳು. "ಖರೇ ಹೇಳಿದ್ರ ಅವರು ಗಾಡಿ ಓಡಸ್ತಿದ್ದಿಲ್ಲ ಭುವನಾ, ಹಾರಸ್ತಿದ್ರು" ಎಂದಳು. ನಿನ್ನೆ ನಾವು ಕಲ್ಲು ಇಳಿಸಿದ್ದನ್ನು ನೋಡಿ ತಾನೇ ಹೊರಗೆ ಬಂದು ಮುಂದಿನ ಸೀಟಿನಲ್ಲಿ ಕೂತಳು. "ನಡೀರಿ ಸೊಹೇಲಣ್ಣ, ಅವತ್ತಿನ ದಾರಿ." ಬೇಡವೆಂದರೂ ಕೇಳಲಿಲ್ಲ. ಸಿಂದಗಿ ರಸ್ತೆಯ ಹಂಪ್ ದಾಟುವಾಗ ಗಾಡಿ ನಮ್ಮ ಮೂವರನ್ನೂ ಎತ್ತೆತ್ತಿ ಕುಕ್ಕಿತು. ವೈನಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಿದ್ದಳು, ಆಮೇಲೆ ನೆನಪಾಗಿ ತೆಗೆದಳು. ತಿರುಗಿ ಬಂದು ಇಳಿಯುವಾಗ "ಇಷ್ಟಕ್ಕ ಮನಿ ಬಿಟ್ರೇನು ಅವರು?" ಎಂದು ಜೋರಾಗಿ ಅತ್ತಳು. ಇಷ್ಟು ದಿನ ಅತ್ತಿರಲಿಲ್ಲ.

ಶಾಕಬ್ಸರ್ ಜೋಡಿಯಾಗಿಯೇ ಬದಲಿಸಬೇಕಂತೆ. ಒಂದನ್ನೇ ಹೊಸದು ಹಾಕಿದರೆ ಗಾಡಿ ಒಂದು ಮಗ್ಗಲಿಗೆ ಕುಣಿಯುತ್ತದಂತೆ. ಸೊಹೇಲಣ್ಣ ತಯಾರಿದ್ದಾನೆ. ಅಪ್ಪಾಜಿ ಮಾತ್ರ "ಗಾಡಿ ಅವಂದು. ಅಂವ ಬಂದು ಹಾಕಿಸ್ಲಿ" ಎಂದು ಒಳಗೆ ಹೋದರು. ಹೋಗುವಾಗ ಗಾಡಿಯ ಬಾಗಿಲು ಸರಿಯಾಗಿ ಮುಚ್ಚಿದೆಯೇ ಎಂದು ನೋಡಿದರು. ಅಮಾವಾಸ್ಯೆಯೊಳಗೆ ಬಾ ಅಣ್ಣಾ. ಬೀಗರು ಬಂದಾಗ ನೀನು ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದರೂ ಸಾಕು.

ಅವ್ವನ ಆಶೀರ್ವಾದ ಇದೆ. ನಾನು ಬರೆಯಲು ಕೂತಾಗ ಅಪ್ಪಾಜಿ ತಾವೇ ಎದ್ದು ಲೈಟ್ ಹಾಕಿದರು.

ನಿನ್ನ ತಂಗಿ,
ಭುವನೇಶ್ವರಿ

ತಾ.ಕ.: ಸೊಹೇಲಣ್ಣ ಇದನ್ನು ಆಲಮಟ್ಟಿಗೆ ತರಲು ಬೈಕ್ ಚಾಲೂ ಮಾಡಿ ನಿಂತಿದ್ದಾನೆ. ಮೇಲೆ ಇದನ್ನು ಬರೆಯಲು ಧೈರ್ಯವಾಗಲಿಲ್ಲ. ನಮ್ಮಲ್ಲಿ ಇಂಥ ಕೂಸನ್ನು ತಾಯಿಗೆ ತೋರಿಸುವುದಿಲ್ಲ. ಗಂಡಸರು ಒಯ್ದು ಮಣ್ಣು ಮಾಡುತ್ತಾರೆ, ಗುರುತು ಇಡುವುದಿಲ್ಲ. ಅವತ್ತು ನೀನು ಅಪ್ಪಾಜಿಯನ್ನೂ ಕರೆಯದೆ, ಟವೆಲಿನಲ್ಲಿ ಸುತ್ತಿಕೊಂಡು ಒಬ್ಬನೇ ಹೋದೆ. ಇವತ್ತು ನಸುಕಿನಲ್ಲಿ ವೈನಿ ನಮ್ಮ ಹೊಲದ ಬದುವಿನಗುಂಟ ಬಗ್ಗಿ ಬಗ್ಗಿ ನೋಡುತ್ತಾ ನಡೆದಿದ್ದಳು. ಅವ್ವ ಕೈ ಹಿಡಿದು ಕರೆತಂದಳು. ತವರಿಗೆ ಹೋಗುವ ಮೊದಲು ಒಂದು ಸಲ ಕೂಸು ಇರುವಲ್ಲಿ ಕೂತು ಬರಬೇಕಂತೆ, ಬೇರೇನೂ ಕೇಳುವುದಿಲ್ಲವಂತೆ. ನಿನಗೆ ಬರಲು ಆಗದಿದ್ದರೆ ಬಿಡು. ಕೂಸನ್ನು ಎಲ್ಲಿ ಇಟ್ಟೆ ಎಂದಷ್ಟೇ ಬರೆದು ಸೊಹೇಲಣ್ಣನ ಕೈಯಲ್ಲಿ ಕೊಡು. ಇವತ್ತೇ ಕೊಡು.